ಮುದ್ರೆಯನ್ನು ನಂಬುವ ಬಗೆ

ನಂಜನಗೂಡು ತಾಲ್ಲೂಕಿನ ತಗಡೂರಿನ ಗಂಗರ ತಾಮ್ರಪಟವೊಂದನ್ನು ಲೂಯಿ ರೈಸ್ ಅವರು 1894ರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಅದರಲ್ಲಿರುವ ಕಾಲ ಶಕವರ್ಷ 188, ಎಂದರೆ ಕ್ರಿ.ಶ. 266, ದೊರೆ ಹರಿವರ್ಮ. ಫ್ಲೀಟ್ ಅವರು ಒಪ್ಪಲಿಲ್ಲ. ಅಕ್ಷರಗಳ ರೂಪ ಅಷ್ಟು ಹಳೆಯದಲ್ಲ, ಇದು ಕೂಟಶಾಸನ ಎಂದರು.

ಗಂಗರ ರಾಜಧಾನಿ ತಲಕಾಡು ಇರುವುದು ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಅವರ ದಾನಪತ್ರದ ತಗಡುಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಆನೆಯ ಮುದ್ರೆಯೊಳಗೆ ಬೆಸೆಯುತ್ತಿದ್ದರು. ಬಳೆ ಮುರಿಯದೆ ತಗಡನ್ನು ಬದಲಿಸುವಂತಿಲ್ಲ. ಪಟವನ್ನೂ ಮುದ್ರೆಯನ್ನೂ ಒಟ್ಟಿಗೇ ಹೊಸದಾಗಿ ಮಾಡಿಕೊಂಡವನಿಗೆ ಏನು ಹೇಳೋಣ? ಎಂ.ಎ. ತರಗತಿಯಲ್ಲಿ ಶಾಸನ ಪಾಠ ಹೇಳುವಾಗ, ವಿದ್ಯಾರ್ಥಿಗಳ ಕಣ್ಣು ಆನೆಯ ಮೇಲೇ ನಿಲ್ಲುವುದನ್ನು ಕಂಡಿದ್ದೇನೆ.

ಈಗ ಈ ತಾಲ್ಲೂಕುಗಳ ಪಹಣಿ ‘ಭೂಮಿ’ ಯೋಜನೆಯ ಕಂಪ್ಯೂಟರಿನಲ್ಲಿದೆ. ಸಾಲ ಕೊಡುವ ಬ್ಯಾಂಕಿನ ಯಂತ್ರ ಸರ್ಕಾರದ ಯಂತ್ರವನ್ನು ಕೇಳಿ ತಿಳಿಯುತ್ತದೆ. ಇಂಥ ಮಾತು ಗೂಢಲಿಪಿಯಲ್ಲಿ ಸಾಗುತ್ತದೆ. ಅದಕ್ಕೆ ನೆಟ್‌ಸ್ಕೇಪ್ ಸಂಸ್ಥೆ 1995ರಲ್ಲಿ ಹೊರತಂದ ವಿಧಾನವೇ ಮೂಲ, 1999ರಿಂದ ಅದರ ಹೆಸರು ಟಿಎಲ್‌ಎಸ್. ಗೂಢವಾಗಿದ್ದರೆ ಸಾಕೆಂಬುದು ನಮ್ಮ ಭ್ರಮೆ. ಕಳ್ಳನೊಡನೆಯೂ ಗುಟ್ಟಾಗಿ ಮಾತನಾಡಬಹುದಲ್ಲವೆ? ಆದ್ದರಿಂದ ಉತ್ತರಿಸುವ ಯಂತ್ರ ಮೊದಲು ತನ್ನ ಪ್ರಮಾಣಪತ್ರ ತೋರಿಸಬೇಕು. ಅದರಲ್ಲಿ ಯಂತ್ರದ ಹೆಸರು, ಅದರ ಬಹಿರಂಗ ಕೀಲಿ, ವಾಯಿದೆ, ಪತ್ರ ಕೊಟ್ಟ ಪ್ರಾಧಿಕಾರದ ಅಂಕಿತ ಇರುತ್ತವೆ. ಕೇಳುವ ಯಂತ್ರದಲ್ಲಿ ತಾನು ನಂಬುವ ಪ್ರಾಧಿಕಾರಗಳ ಪಟ್ಟಿಯೊಂದಿರಬೇಕು. ಅಂಕಿತವನ್ನು ಅದರೊಡನೆ ತಾಳೆ ನೋಡಬೇಕು, ಹೆಸರನ್ನೂ ವಾಯಿದೆಯನ್ನೂ ಪರೀಕ್ಷಿಸಬೇಕು. ಕೆಲವೆಡೆ ಕೇಳುವವನೂ ತನ್ನ ಪ್ರಮಾಣಪತ್ರವನ್ನು ಒಪ್ಪಿಸಬೇಕಾಗುತ್ತದೆ. ವಾಯಿದೆ ತೀರಿ ಕೆಲಸ ನಿಂತಾಗ ಪರೀಕ್ಷೆಯನ್ನೇ ತೆಗೆದುಹಾಕಿಬಿಡುವ ತಂತ್ರಜ್ಞರುಂಟು. ಕೆಲಸವೇನೋ ಮತ್ತೆ ಸಾಗುತ್ತದೆ, ಗೂಢಲಿಪಿಯೂ ಇರುತ್ತದೆ. ಎದುರಿಗಿರುವವರು ಯಾರೆಂಬುದು ಮಾತ್ರ ತಿಳಿಯದು.

ಪಟ್ಟಿಯನ್ನಾದರೂ ಕಣ್ಣುಮುಚ್ಚಿ ನಂಬಬಹುದೆ? 2014ರ ಜುಲೈ 2ರಂದು ಗೂಗಲ್ ಸಂಸ್ಥೆ ತನ್ನ ಹೆಸರಿನ ಅನಧಿಕೃತ ಪ್ರಮಾಣಪತ್ರಗಳನ್ನು ಪತ್ತೆಹಚ್ಚಿತು. ಅವುಗಳ ಮೇಲಿದ್ದ ಅಂಕಿತ ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿಯದು. ಅಂಕಿತ ನಿಜ, ಪತ್ರ ಕೂಟ! ಎನ್‌ಐಸಿಗೆ ಅಧಿಕಾರ ಕೊಟ್ಟಿದ್ದ ಭಾರತದ ಮೂಲ ಪ್ರಾಧಿಕಾರ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿದ್ದುದರಿಂದ, ವಿಂಡೋಸ್ ಯಂತ್ರಗಳ ಬಹುಪಾಲು ಪ್ರೋಗ್ರಾಂಗಳು ಅವನ್ನು ನಂಬುವಂತಿದ್ದವು. ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ನಂಬುತ್ತಿರಲಿಲ್ಲ. ಮರುದಿನವೇ ಭಾರತದ ನಿಯಂತ್ರಕರು ಎನ್‌ಐಸಿಗೆ ಕೊಟ್ಟಿದ್ದ ಅಧಿಕಾರಪತ್ರಗಳನ್ನು ರದ್ದುಮಾಡಿದರು.

ಹಳೆಯ ದಾನಪತ್ರಗಳಲ್ಲಿ ಮೂಡಣಕ್ಕೆ ಇಂಥದು, ತೆಂಕಣಕ್ಕೆ ಇಂಥದು ಎಂದು ಕೊಟ್ಟ ನೆಲದ ಎಲ್ಲೆಯನ್ನು ಬರೆಯುತ್ತಿದ್ದರು. ಗೂಗಲ್ ಕೂಡ ಆಗ ಎಲ್ಲೆಯೊಂದನ್ನು ಬರೆಯಿತು: ತನ್ನ ಕ್ರೋಮ್‌ನಲ್ಲಿ ಭಾರತದ ಪ್ರಾಧಿಕಾರದ ಮುದ್ರೆ ನಮ್ಮ ಸರ್ಕಾರದ, ವಿದ್ಯಾಸಂಸ್ಥೆಗಳ ಮತ್ತು ಬೆರಳೆಣಿಕೆಯಷ್ಟು ಇತರ ವಿಳಾಸಗಳಿಗೆ ಮಾತ್ರ ಸಲ್ಲತಕ್ಕದ್ದು, ಅದರಾಚೆ ಸಲ್ಲದು ಎಂದು.