ಪ್ಲಾಸ್ಮಾ ಸೋತಿತು, ದ್ರವಸ್ಫಟಿಕ ಗೆದ್ದಿತು

ಗುಬ್ಬಿ ತಾಲ್ಲೂಕಿನ ಚೇಳೂರಿನಂಥ ಹೋಬಳಿ ಕೇಂದ್ರದವರಾಗಲಿ, ಬೆಂಗಳೂರಿನವರಾಗಲಿ, ಇಂದು ಟಿ.ವಿ. ಕೊಳ್ಳಲು ಹೋದರೆ ಅಂಗಡಿಯವರು ಮುಂದಿಡುವುದು ಬಹುಪಾಲು ‘ಎಲ್‌ಇಡಿ’ ಸೆಟ್ಟುಗಳನ್ನೇ. ಹೆಸರು ಬೇರೆಯಾದರೂ ಅವುಗಳ ಒಳಗಿರುವುದು ಎಲ್‌ಸಿಡಿ ಪರದೆ. ಪರದೆಯ ಹಿಂಬದಿಯಲ್ಲಿ ಮೊದಲು ಸಣ್ಣ ಟ್ಯೂಬ್‌ಲೈಟುಗಳಿದ್ದವು, ಈಗ ಎಲ್‌ಇಡಿ ದೀಪಗಳಿವೆ, ಅಷ್ಟೆ. ಆದರೆ 2000ದ ದಶಕದಲ್ಲಿ ಆಯ್ಕೆ ಇಷ್ಟು ಸುಲಭವಾಗಿರಲಿಲ್ಲ. ಪ್ಲಾಸ್ಮಾ ಕೊಳ್ಳುವುದೋ, ಎಲ್‌ಸಿಡಿ ಕೊಳ್ಳುವುದೋ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಆ ಪೈಪೋಟಿಯಲ್ಲಿ ಒಳ್ಳೆಯ ಚಿತ್ರ ಕೊಡುತ್ತಿದ್ದ ಪ್ಲಾಸ್ಮಾವೇ ಸೋತದ್ದೇಕೆ? ಗೆದ್ದ ಎಲ್‌ಸಿಡಿಗೂ ಕರ್ನಾಟಕಕ್ಕೂ ಇರುವ ನಂಟೇನು?

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಬಂದದ್ದು ಮರುವರ್ಷ. ಆಗಿನ ಟಿ.ವಿ.ಗಳೆಲ್ಲ ಗಾಜಿನ ಪಿಕ್ಚರ್ ಟ್ಯೂಬಿನವು. ಪರದೆ ಅಗಲವಾದಷ್ಟೂ ಟ್ಯೂಬು ಹಿಂದಕ್ಕೆ ಚಾಚುತ್ತಿತ್ತು, ತೂಕವೂ ಏರುತ್ತಿತ್ತು. ದೊಡ್ಡ ಚಿತ್ರ ಬೇಕಾದರೆ ಚಪ್ಪಟೆ ಪರದೆಯೇ ಆಗಬೇಕಿತ್ತು. ಅದಕ್ಕೆ ಎರಡು ದಾರಿಗಳಿದ್ದವು.

ಮೊದಲನೆಯದು ಪ್ಲಾಸ್ಮಾ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ರಾಬರ್ಟ್ ವಿಲ್ಸನ್ 1964ರಲ್ಲಿ ಇದನ್ನು ರೂಪಿಸಿದರು. ಕಂಪ್ಯೂಟರ್ ಮೂಲಕ ಪಾಠ ಹೇಳಲು ಅವರಿಗೊಂದು ಪರದೆ ಬೇಕಿತ್ತು. ಎರಡು ಗಾಜುಗಳ ನಡುವಿನ ಪುಟ್ಟ ಕೋಶಗಳಲ್ಲಿ ನಿಯಾನ್, ಕ್ಸೆನಾನ್‌ನಂಥ ಅನಿಲಗಳಿರುತ್ತವೆ. ವಿದ್ಯುತ್ ಹರಿಸಿದಾಗ ಪ್ರತಿಯೊಂದು ಕೋಶವೂ ತಾನೇ ಬೆಳಗುತ್ತದೆ. ಎರಡನೆಯದು ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆ. ದ್ರವದಂತೆ ಹರಿಯುವ, ಸ್ಫಟಿಕದಂತೆ ಅಣುಗಳ ಕ್ರಮವನ್ನೂ ಉಳಿಸಿಕೊಳ್ಳುವ ಈ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್. ಇದು ತಾನಾಗಿ ಬೆಳಗುವುದಿಲ್ಲ. ಹಿಂದಿನ ದೀಪದ ಬೆಳಕನ್ನು ಬಾಗಿಲಿನಂತೆ ಬಿಡುತ್ತದೆ, ತಡೆಯುತ್ತದೆ. ಕ್ಯಾಲ್ಕುಲೇಟರ್ ಮತ್ತು ಕೈಗಡಿಯಾರಗಳಲ್ಲಿ ಅಂಕಿ ಮೂಡಿಸುತ್ತಿದ್ದುದು ಇದೇ.

ಪ್ಲಾಸ್ಮಾದಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತಿತ್ತು. ಕ್ರಿಕೆಟ್ ಚೆಂಡಿನ ಓಟ ಮಸುಕಾಗುತ್ತಿರಲಿಲ್ಲ. ಯಾವ ಮೂಲೆಯಲ್ಲಿ ಕುಳಿತರೂ ಬಣ್ಣ ಕೆಡುತ್ತಿರಲಿಲ್ಲ. ಆದರೆ ಅದು ಭಾರ. ಬಿಸಿಯಾಗುತ್ತಿತ್ತು, ವಿದ್ಯುತ್ತನ್ನೂ ಹೆಚ್ಚು ಬೇಡುತ್ತಿತ್ತು. ವಾಹಿನಿಯ ಲಾಂಛನ ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ಅದರ ಛಾಯೆ ಪರದೆಯಲ್ಲೇ ಉಳಿಯುವ ಭಯವೂ ಇತ್ತು. ಚಿಕ್ಕ ಪರದೆಗಳನ್ನು ಅಗ್ಗವಾಗಿ ಮಾಡುವುದಂತೂ ಕಷ್ಟ. ಎಲ್‌ಸಿಡಿ ಹಗುರ, ಹಗಲು ಬೆಳಕಿನ ಕೋಣೆಯಲ್ಲೂ ಸ್ಪಷ್ಟ. ಕರೆಂಟ್ ಹೋದಾಗ ಯುಪಿಎಸ್‌ಗೂ ಅದು ಹೊರೆಯಲ್ಲ. ಅದರ ದೊಡ್ಡ ಕೊರತೆಯೆಂದರೆ ಪಕ್ಕದಿಂದ ನೋಡಿದರೆ ಬಣ್ಣ ಬದಲಾಗುತ್ತಿತ್ತು. ಮನೆಮಂದಿಯೆಲ್ಲ ಸೋಫಾ, ಕುರ್ಚಿ, ಚಾಪೆ ಎಂದು ಚದುರಿ ಕುಳಿತು ನೋಡುವ ನಮ್ಮ ಪಡಸಾಲೆಗಳಿಗೆ ಇದು ಸಣ್ಣ ದೋಷವೇನಲ್ಲ.

ಈ ದೋಷ ಕಳೆಯಲು ನೆರವಾದ ಒಂದು ಸಂಶೋಧನೆಯ ಮೂಲ ಬೆಂಗಳೂರಿನಲ್ಲಿದೆ. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. (ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರ್ ಬೇರೆ.) ಕಡ್ಡಿಯಾಕಾರದ ಅಣುಗಳಿಂದ ಮಾತ್ರ ಇಂಥ ದ್ರವಸ್ಫಟಿಕ ಆಗುತ್ತದೆಂಬ ನಂಬಿಕೆ ಆಗಿತ್ತು. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ 1977ರಲ್ಲಿ ಅದನ್ನು ಬದಲಿಸಿದರು. ತಟ್ಟೆಯಾಕಾರದ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಸಾಲಾಗಿ ನಿಂತು ದ್ರವಸ್ಫಟಿಕವಾಗುವುದನ್ನು ಅವರು ತೋರಿಸಿದರು. ಆ ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ನಿಯತಕಾಲಿಕೆಯಲ್ಲಿ.

ಟಿ.ವಿ. ಪರದೆಗಾಗಿ ನಡೆದ ಶೋಧ ಇದಲ್ಲ. ವಸ್ತುವಿನ ಸ್ವಭಾವ ಅರಿಯುವ ಕುತೂಹಲವಷ್ಟೆ. ಆದರೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಸಂಸ್ಥೆ ಇದೇ ಜಾತಿಯ ತಟ್ಟೆ ಅಣುಗಳಿಂದ ತೆಳು ಹಾಳೆಯೊಂದನ್ನು ತಯಾರಿಸಿತು. ಕಡ್ಡಿ ಅಣುಗಳು ಓರೆ ಬೆಳಕಿಗೆ ಮಾಡುವ ಕೇಡನ್ನು ತಟ್ಟೆ ಅಣುಗಳು ಸರಿಪಡಿಸಿದವು. ಮುಖ್ಯವಾಗಿ ಕಂಪ್ಯೂಟರ್ ಪರದೆಗಳಲ್ಲಿ ಈ ಹಾಳೆ ಬಳಕೆಗೆ ಬಂತು. ಟಿ.ವಿ.ಗಳಲ್ಲಿ ಕಡ್ಡಿಗಳನ್ನೇ ಬೇರೆ ರೀತಿ ಜೋಡಿಸುವ ಉಪಾಯಗಳೂ ಕೂಡಿಕೊಂಡವು. ಪ್ಲಾಸ್ಮಾದ ಒಂದೊಂದೇ ಮೇಲುಗೈ ಹೀಗೆ ಸವೆಯಿತು. ಪ್ಯಾನಸಾನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟವು. ಪ್ಲಾಸ್ಮಾ ಕೊಂಡಿದ್ದವರಿಗೆ ಬಿಡಿಭಾಗವೂ ದುರ್ಲಭವಾಯಿತು.

ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ನೆರವಿನೊಂದಿಗೆ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು. 2004ರಲ್ಲಿ ಅವರು ತೀರಿಕೊಂಡರು. ಆ ಕೇಂದ್ರ ಈಗ ಹೆಸರು ಬದಲಿಸಿಕೊಂಡು ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ತುಮಕೂರು ಕಡೆಯಿಂದ ರಾಜಧಾನಿಗೆ ಬರುವವರು ಹಾದುಹೋಗುವ ಹೋಬಳಿಯದು. ಆದರೂ ನಮ್ಮ ಟಿ.ವಿ.ಗಳ ಫಲಕಗಳು ಬಹುತೇಕ ಹೊರದೇಶದಿಂದಲೇ ಬರುತ್ತವೆ. ತಿಳಿವು ಇಲ್ಲಿ ಮೊಳೆಯಿತು, ಕಾರ್ಖಾನೆ ಬೇರೆಡೆ ಎದ್ದಿತು. ಒಳ್ಳೆಯ ಚಿತ್ರವಿದ್ದ ಮಾತ್ರಕ್ಕೆ ಪ್ಲಾಸ್ಮಾ ಉಳಿಯಲಿಲ್ಲ. ಒಳ್ಳೆಯ ಸಂಶೋಧನೆಯಿದ್ದ ಮಾತ್ರಕ್ಕೆ ಉದ್ಯಮವೂ ಬೆಳೆಯಲಿಲ್ಲ.