ಡೆಬಿಯನ್ 'ಸ್ಟೇಬಲ್': ಸ್ಥಿರವೆಂದರೆ ದೋಷರಹಿತವೇ?

ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಯೊಂದರ ಜೊತೆ 'ಸ್ಟೇಬಲ್' ಎಂಬ ಪದ ಕಂಡೊಡನೆ, ಅದರಲ್ಲಿ ದೋಷವೇ ಇರಲಾರದೆಂದು ಭಾವಿಸುವವರು ಅನೇಕ. ಮುಕ್ತ ತಂತ್ರಾಂಶ ಲೋಕದಲ್ಲಿ ಆ ಪದ ನೀಡುವ ಮುಖ್ಯ ಭರವಸೆ ಬೇರೆ: ಬಳಕೆಯ ನಡುವೆ ವ್ಯವಸ್ಥೆ ಬದಲಾಗುವುದಿಲ್ಲ ಎಂಬುದು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಸ್ವಯಂಸೇವಕರು ನಿರ್ವಹಿಸುವ ಡೆಬಿಯನ್ ಇದಕ್ಕೆ ನಿದರ್ಶನ. ಈ ಲಿನಕ್ಸ್ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶ ಸಾಮಾನ್ಯವಾಗಿ ಮೊದಲು 'ಅನ್‌ಸ್ಟೇಬಲ್' ಶಾಖೆಗೆ ಬರುತ್ತದೆ. ಆ ಶಾಖೆಯ ಕಾಯಂ ಹೆಸರು ಸಿಡ್. 'ಟಾಯ್ ಸ್ಟೋರಿ' ಚಿತ್ರದಲ್ಲಿ ಆಟಿಕೆ ಮುರಿಯುವ ಹುಡುಗನ ಹೆಸರದು! ಕೆಲವು ದಿನ ಗಂಭೀರ ದೋಷ ಕಾಣದಿದ್ದರೆ ತಂತ್ರಾಂಶ 'ಟೆಸ್ಟಿಂಗ್' ಶಾಖೆಗೆ ದಾಟುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಅಲ್ಲಿ ಹೊಸ ಬದಲಾವಣೆಗಳನ್ನು ತಡೆದು, ಉಳಿದ ದೋಷಗಳನ್ನು ತಿದ್ದಿ, 'ಸ್ಟೇಬಲ್' ಎಂದು ಬಿಡುಗಡೆ ಮಾಡಲಾಗುತ್ತದೆ.

ನಂತರ ಸೇರುವುದು ಬಹುಪಾಲು ಭದ್ರತಾ ತಿದ್ದುಪಡಿ ಮತ್ತು ಗಂಭೀರ ದೋಷಗಳ ಪರಿಹಾರ ಮಾತ್ರ. ಬ್ರೌಸರ್‌ನಂಥ ಕೆಲವನ್ನು ಬಿಟ್ಟರೆ, ತಿದ್ದುಪಡಿಯನ್ನು ಹಳೆಯ ಆವೃತ್ತಿಗೇ ಹೊಂದಿಸುವುದು ಇಲ್ಲಿನ ಪದ್ಧತಿ. ಆವೃತ್ತಿ ಸಂಖ್ಯೆ ಹಳೆಯದೆಂದು ಗಾಬರಿಯಾಗಬೇಕಿಲ್ಲ.

ಆದರೆ ಈ ಜರಡಿಯಿಂದಲೂ ದೊಡ್ಡ ತಪ್ಪೊಂದು ನುಸುಳಿತ್ತು. ಗೂಢಲಿಪಿ ತಂತ್ರಾಂಶ 'ಓಪನ್ ಎಸ್‌ಎಸ್‌ಎಲ್'ನಲ್ಲಿ ಪರೀಕ್ಷಾ ಸಾಧನವೊಂದು ನೀಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು, 2006ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನವರೇ ಸಂಕೇತದ ಸಾಲುಗಳನ್ನು ತೆಗೆದುಹಾಕಿದರು. ಊಹಿಸಲಾಗದಂತಿರಬೇಕಾದ ಕೀಲಿಗಳು ಒಂದೊಂದು ಬಗೆಗೆ ಸುಮಾರು 32 ಸಾವಿರಕ್ಕೆ ಇಳಿದವು. ಅಷ್ಟನ್ನೂ ಮೊದಲೇ ಪಟ್ಟಿಮಾಡಿಟ್ಟುಕೊಂಡವನಿಗೆ ಸರ್ವರ್‌ನ ಬೀಗ ತೆರೆಯುವುದು ಸುಲಭ. 2007ರ ಏಪ್ರಿಲ್‌ನಲ್ಲಿ ಬಂದ 'ಎಚ್' ಎಂಬ ಸ್ಟೇಬಲ್ ಆವೃತ್ತಿಯಲ್ಲೂ ಈ ದೋಷವಿತ್ತು. ಯಾವ ಯಂತ್ರವೂ ಕೆಡಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. 2008ರ ಮೇ 13ರಂದು ವಿಷಯ ಪ್ರಕಟವಾದಾಗ ತಂತ್ರಾಂಶ ನವೀಕರಿಸಿದರೆ ಸಾಲದಾಯಿತು. ಆ ಅವಧಿಯಲ್ಲಿ ರಚಿಸಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ರಚಿಸಬೇಕಾಯಿತು.

ನಿಧಾನವೇ ಕಾಪಾಡಿದ ಪ್ರಸಂಗವೂ ಉಂಟು. 2024ರಲ್ಲಿ, ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝೆಡ್' ತಂತ್ರಾಂಶದ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ ಕಿಡಿಗೇಡಿಗಳು ಹಿಂಬಾಗಿಲು ಅಡಗಿಸಿದ್ದರು. ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದುದನ್ನು ಸಿಡ್ ಶಾಖೆಯಲ್ಲಿ ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಹಳೆಯ ಆವೃತ್ತಿಯಲ್ಲೇ ಇದ್ದ ಸ್ಟೇಬಲ್ ಪಾರಾಯಿತು. ಇದರಲ್ಲಿ ಅದೃಷ್ಟದ ಪಾಲೂ ಕಡಿಮೆಯೇನಲ್ಲ.

ಸ್ಟೇಬಲ್ ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಬಳಿಕ ಎರಡು ವರ್ಷ ದೀರ್ಘಾವಧಿ ಬೆಂಬಲವಿರುತ್ತದೆ. 2025ರ ಆಗಸ್ಟ್ 9ರಂದು ಬಿಡುಗಡೆಯಾದ 'ಟ್ರಿಕ್ಸಿ'ಗೆ ಈ ಅವಧಿ 2030ರವರೆಗೆ. ಭದ್ರತಾ ತಿದ್ದುಪಡಿಗಳು ಸಿದ್ಧವಾಗಿ ಬರುತ್ತವೆಯಾದರೂ, ಅವು ಯಂತ್ರಕ್ಕೆ ಸೇರುವಂತೆ ನೋಡಿಕೊಳ್ಳುವ ಹೊಣೆ ಅದನ್ನು ನಿರ್ವಹಿಸುವವರದು. ಡೆಬಿಯನ್ ಸರ್ವರ್‌ಗೆ ಲಾಗಿನ್ ಆದಾಗ ಕಾಣುವ ರೂಢಿಯ ಸಂದೇಶದಲ್ಲಿಯೇ, ಇದಕ್ಕೆ ಯಾವ ಖಾತರಿಯೂ ಇಲ್ಲವೆಂಬ ಸಾಲಿದೆ.