ಮೈಸೂರಿನ ಕಿಟಕಿ ತೆರೆಸಿದ ರೋಗಗಳು

ಮೈಸೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಕಿಟಕಿಯ ಮೇಲುಗಡೆ, ಸೂರಿಗೆ ಹತ್ತಿರವಾಗಿ, ಗೋಡೆಯಲ್ಲೊಂದು ಚಿಕ್ಕ ಕಂಡಿ ಕಾಣುತ್ತದೆ. ಅದಕ್ಕೆ ವೆಂಟಿಲೇಟರ್ ಎಂದೇ ಹೆಸರು. ಕೆಲವರು ಅದಕ್ಕೆ ಗಾಜು ಕೂರಿಸಿದ್ದಾರೆ, ಕೆಲವರು ರಟ್ಟು ತುರುಕಿದ್ದಾರೆ. ಆದರೆ ಅದು ಅಲಂಕಾರಕ್ಕೆ ಬಂದದ್ದಲ್ಲ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಮೇಲಿನ ಕಂಡಿಯಿಂದ ಅದು ಹೊರಟರೆ ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಮನೆಗೆ ಇಂಥದೊಂದು ಗಾಳಿಯ ದಾರಿ ಬೇಕೇ ಬೇಕು ಎಂಬ ಅರಿವನ್ನು ಊರಿಗೆ ಮೂಡಿಸಿದ್ದು ಎರಡು ಮಹಾರೋಗಗಳು.

ಅದಕ್ಕೆ ಮೊದಲು ಮನೆಗಳಲ್ಲಿ ಗಾಳಿಯೇ ಇರಲಿಲ್ಲವೆಂದಲ್ಲ. ಉಳ್ಳವರ ತೊಟ್ಟಿ ಮನೆಯಲ್ಲಿ ಬೀದಿಯ ಕಡೆಗೆ ಕಿಟಕಿ ಚಿಕ್ಕದಿದ್ದರೂ ನಡುವಿನ ತೊಟ್ಟಿ ಆಕಾಶಕ್ಕೆ ತೆರೆದಿರುತ್ತಿತ್ತು. ಸುತ್ತಲಿನ ಕೋಣೆಗಳು ಅದರ ಮೂಲಕವೇ ಉಸಿರಾಡುತ್ತಿದ್ದವು. ಬಡವರ ಮನೆಗೆ ತೊಟ್ಟಿ ಎಲ್ಲಿಂದ ಬರಬೇಕು? ನಾಡಹೆಂಚಿನ ಇಲ್ಲವೇ ಹುಲ್ಲಿನ ಮಾಡಿನಡಿ ಒಂದೆರಡು ಕೋಣೆ. ಒಲೆಯ ಹೊಗೆ ಹೆಂಚಿನ ಸಂದಿಯಲ್ಲೇ ದಾರಿ ಹುಡುಕಿಕೊಳ್ಳಬೇಕಿತ್ತು. ಕಿಟಕಿಯೆಂದರೆ ಕಳ್ಳನಿಗೂ ಚಳಿಗೂ ದಾರಿ ಎಂಬ ಅಂಜಿಕೆ ಬೇರೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಮೈಸೂರನ್ನೂ ಮುಟ್ಟಿತು. ಜನ ಮನೆಗಳಿಗೆ ಬೀಗ ಹಾಕಿ ಊರಾಚೆ ಷೆಡ್ಡುಗಳಲ್ಲಿ ವಾಸ ಮಾಡಿದರು. ಕತ್ತಲೆ, ತೇವ ಮತ್ತು ಕೆಟ್ಟ ಗಾಳಿಯೇ ಈ ರೋಗದ ತವರು ಎಂಬ ನಂಬಿಕೆ ಆಗ ಬಲವಾಗಿತ್ತು. ಬಿಸಿಲು, ಗಾಳಿ ಒಳಗೆ ಬರಲೆಂದು ಮುಂಬಯಿಯಲ್ಲಿ ಮನೆಗಳ ಹೆಂಚು ತೆಗೆಸಿದ್ದೂ ಉಂಟು. ಪ್ಲೇಗಿನ ಬೆನ್ನಲ್ಲೇ, 1903ರಲ್ಲಿ, ಮೈಸೂರಿನಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳ ಕೆಲಸ ಅದರ ಪಾಲಿಗೆ ಬಂತು. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. ಮಲ ಹೊರುವ ಹೀನಾಯ ಕೆಲಸಕ್ಕೆ ದೂಡಲ್ಪಟ್ಟ ಜನರ ಓಡಾಟಕ್ಕಾಗಿ ಆದ ಗಲ್ಲಿಗಳಿವು. ಆದರೆ ಅವುಗಳಿಂದಾಗಿ ಮನೆಯ ಹಿತ್ತಲ ಕಡೆಗೂ ಬಯಲು ಸಿಕ್ಕಿತು. ಮುಂದಿನ ಕಿಟಕಿಯಿಂದ ಬಂದ ಗಾಳಿ ಹಿಂದಿನ ಕಿಟಕಿಯಿಂದ ಹೊರಗೆ ಹೋಗುವಂತಾಯಿತು.

ಆದರೆ ಪ್ಲೇಗು ಊರಿಂದೂರಿಗೆ ಹಬ್ಬಿದ್ದು ಕೆಟ್ಟ ಗಾಳಿಯಿಂದಲ್ಲ. ಅದರ ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು ಸಿಮೋಂಡ್ 1898ರಲ್ಲಿ ಹೇಳಿದ. ವಿದ್ವಾಂಸರು ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಅಂದರೆ, ಜನ ತಪ್ಪು ಕಾರಣಕ್ಕಾಗಿ ಕಿಟಕಿ ತೆರೆದಿದ್ದರು.

ಆ ತಪ್ಪು ತರ್ಕ ಮತ್ತೊಂದು ರೋಗದ ವಿಷಯದಲ್ಲಿ ಸರಿಯಾಗಿತ್ತು. ಕ್ಷಯ ನಿಜವಾಗಿಯೂ ಗಾಳಿಯಲ್ಲಿ ಹರಡುವ ಕಾಯಿಲೆ. ರೋಗಿ ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಗಾಳಿ ಆಡುವ ಕಡೆ ಚದುರಿಹೋಗುತ್ತವೆ. ಅರಮನೆಯನ್ನೂ ಈ ರೋಗ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗಾಗಿ ಈಗಿನ ಕೆ.ಆರ್.ಎಸ್. ರಸ್ತೆಯಲ್ಲಿ 1921ರಲ್ಲಿ ಆರಂಭವಾದದ್ದೇ ಪಿ.ಕೆ. ಸ್ಯಾನಿಟೋರಿಯಂ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಕ್ಷಯಕ್ಕೆ ಔಷಧವೆಂಬುದೇ ಇರಲಿಲ್ಲ. ವಿಶ್ರಾಂತಿ, ಪುಷ್ಟಿಯಾದ ಊಟ, ತೆರೆದ ಗಾಳಿ ಇವೇ ಅಂದಿನ ಸ್ಯಾನಿಟೋರಿಯಂಗಳ ಚಿಕಿತ್ಸೆ.

1908ರಲ್ಲಿ ಮೈಸೂರಿಗೆ ವಿದ್ಯುತ್ತು ಬಂತು. ಕ್ರಮೇಣ ಫ್ಯಾನು ಮನೆಮನೆಗೂ ಬಂದು, ಗಾಳಿ ಬೇಕೆಂದರೆ ಸ್ವಿಚ್ಚು ಹಾಕುವುದು ರೂಢಿಯಾಯಿತು. ಆದರೆ ಫ್ಯಾನು ಇದ್ದ ಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಹೊಸದನ್ನು ತರುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಎ.ಸಿ.ಯೂ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುತ್ತದೆ.

ಗಾಳಿ ಬದಲಿಸುವ ಯಂತ್ರಗಳೂ ಇಲ್ಲದಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಯುರೋಪಿನ ಚಳಿಯ ದೇಶಗಳಲ್ಲಿ ಇಂಧನ ಉಳಿಸಲು ಮನೆಗಳ ಸಂದಿಗಳನ್ನು ಮುಚ್ಚತೊಡಗಿದರು. ಆಗ ಉಸಿರಾಟಕ್ಕೆ ಯಂತ್ರ ಬೇಕಾಯಿತು. ಅದು ಹಳಸಿದ ಗಾಳಿಯನ್ನು ಹೊರದೂಡುವಾಗ ಅದರ ಬಿಸಿಯನ್ನು ಹೊಸ ಗಾಳಿಗೆ ದಾಟಿಸುತ್ತದೆ. ಅಂಥ ಮನೆಯಲ್ಲೂ ಕಿಟಕಿ ತೆರೆಯಲು ಅಡ್ಡಿಯಿಲ್ಲ. ಬಿಸಿ ನಷ್ಟವಾಗುತ್ತದೆ, ಅಷ್ಟೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ, ಹಿತವಾದ ಹವೆಯ ಮೈಸೂರಿಗೆ ಆ ಯಂತ್ರದ ಹಂಗಿಲ್ಲ. ಇಲ್ಲಿ ವರ್ಷದ ಬಹುಪಾಲು ದಿನ ಕಿಟಕಿಯೇ ಸಾಕು.

ಆ ಕಿಟಕಿಯೇ ಈಗ ಕುಗ್ಗುತ್ತಿದೆ. ಒಣ ಬಿಸಿ ಹವೆಯ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೆಯ ಒಂದು ಭಾಗ, ತೇವದ ಬಿಸಿ ಹವೆಯಲ್ಲಿ ಆರನೆಯ ಒಂದು ಭಾಗದಷ್ಟಾದರೂ ಕಿಟಕಿಗಳಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 10 ಅಡಿಗೆ 12 ಅಡಿಯ ಕೋಣೆಗೆ ಅದು 12ರಿಂದ 20 ಚದರ ಅಡಿ. ಎರಡು ಪಟ್ಟಿಯ ಜಾರುವ ಕಿಟಕಿಯಾದರೆ ಗಾಳಿಗೆ ಸಿಗುವುದು ಅದರಲ್ಲೂ ಅರ್ಧ. ಸೊಳ್ಳೆ, ದೂಳು, ಕಳ್ಳರ ಕಾಟ ಸುಳ್ಳಲ್ಲ. ಸರಳು, ಜಾಲರಿಗಳಿರುವುದು ಅದಕ್ಕೇ. ಬಚ್ಚಲುಮನೆಯಲ್ಲಂತೂ ಇದು ಜೀವದ ಪ್ರಶ್ನೆ. ಗಾಳಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಹೀಗಾದ ಸಾವುಗಳ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಗೀಸರನ್ನು ಹೊರಗಿಡುವುದೇ ಕ್ಷೇಮ. ಒಳಗೆ ಕಂಡಿಯನ್ನು ಮುಚ್ಚಲೇಬಾರದು.

2020ರ ಕೊರೊನಾ ಕಾಲದಲ್ಲಿ ಕಿಟಕಿ ತೆರೆಯಿರಿ ಎಂಬ ಮಾತು ಮತ್ತೆ ಕೇಳಿಬಂತು. ಆದರೆ ತೆರೆದ ಕಿಟಕಿಯ ಎದುರು ಎರಡಡಿ ದೂರದಲ್ಲೇ ಪಕ್ಕದ ಮನೆಯ ಗೋಡೆ ಎದ್ದಿದ್ದರೆ ಗಾಳಿ ಬರುವುದೆಲ್ಲಿಂದ? ನಿವೇಶನದ ಸುತ್ತ ಇಷ್ಟು ಜಾಗ ಬಿಡಬೇಕೆಂಬ ನಿಯಮದ ಅರ್ಥ ಇದೇ. ಒಂದು ಮನೆಯ ಗಾಳಿ ನೆರೆಯವರು ಬಿಟ್ಟ ಜಾಗವನ್ನು ನೆಚ್ಚಿಕೊಂಡಿದೆ. 1903ರ ಮೈಸೂರು ಇದನ್ನು ಊರಿನ ಕೆಲಸವೆಂದು ತಿಳಿದಿತ್ತು. ನಕ್ಷೆ ಬರೆಸುವವರೂ ಅದಕ್ಕೆ ಮಂಜೂರಾತಿ ಕೊಡುವವರೂ ಇಂದು ನೆನಪಿಡಬೇಕಾದದ್ದು ಇದನ್ನೇ.